ಓದುಗರ ಪ್ರಶ್ನೆ, ನಮ್ಮ ಉತ್ತರ: ಮತಗಟ್ಟೆಗಿಂತ ಮೊದಲು ಮತದಾರರ ಪಟ್ಟಿ

ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಲ್ಲಿ ಮುಗಿಯುತ್ತದೆ. ಆ ಚುನಾವಣೆಗೆ ತಳಮಟ್ಟದಲ್ಲಿ ಏನು ತಯಾರಿ ಮಾಡಿಕೊಳ್ಳಬೇಕೆಂದು ಕೇಳಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ದಲಿತ, ರೈತ, ಕಾರ್ಮಿಕ ಮತ್ತು ಮಹಿಳಾ ಸಂಘಟನೆಗಳಲ್ಲಿ ದುಡಿಯುತ್ತಿರುವವರು. ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ, ಸಂವಿಧಾನದ ಆಶಯಗಳ ಪರವಾಗಿ ನಿಲ್ಲುವ ಮತದಾರರನ್ನು ಸಂಘಟಿಸಲು ತೀರ್ಮಾನಿಸಿದ್ದೇವೆ. ‘ತಪ್ಪದೆ ಮತ ಹಾಕಿ’ ಎಂಬ ಜಾಥಾದಿಂದ ಶುರು ಮಾಡೋಣ ಎಂದು ಕೆಲವರು, ತಾಲ್ಲೂಕು ಕೇಂದ್ರದಲ್ಲಿ ದೊಡ್ಡ ಸಮಾವೇಶ ಮಾಡೋಣ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?
(ಯುವ ಸಂಘಟಕ, ಚಿಂತಾಮಣಿ ತಾಲ್ಲೂಕು)

ಉತ್ತರ: ಸದ್ಯಕ್ಕೆ ಎರಡೂ ಬೇಡ. 2023ರ ಮೇ 10ರಂದು ನಡೆದ ಚುನಾವಣೆಯಲ್ಲಿ ಇಡೀ ರಾಜ್ಯದ ಮತದಾನ ಶೇ. 73ರ ಆಸುಪಾಸಿನಲ್ಲಿದ್ದರೆ, ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದು ಶೇ. 85ನ್ನು ದಾಟಿತ್ತು. ಅದೇ ದಿನ ಬೆಂಗಳೂರು ನಗರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಮಾತ್ರ ಮತಗಟ್ಟೆಗೆ ಬಂದಿದ್ದರು. ಮತದಾನದ ಮಹತ್ವವನ್ನು ಯಾರಿಗಾದರೂ ಬೋಧಿಸಬೇಕಿದ್ದರೆ ಅದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಆಗಬೇಕಾದ ಕೆಲಸ. ಬಿಸಿಲಲ್ಲಿ ಸಾಲು ನಿಂತು ಮತ ಹಾಕಿ ಬರುವ ಚಿಂತಾಮಣಿಯ ಕೂಲಿಕಾರರಿಗೆ ಆ ಪಾಠ ಬೇಕಿಲ್ಲ. ಆದರೆ ಈ ಶೇಕಡಾವಾರು ಲೆಕ್ಕ ಒಂದು ಸಂಗತಿಯನ್ನು ಮುಚ್ಚಿಡುತ್ತದೆ. ಅದನ್ನು ಹಾಕುವುದು ಪಟ್ಟಿಯಲ್ಲಿ ಹೆಸರಿರುವವರ ಮೇಲೆ. ಪಟ್ಟಿಯಲ್ಲೇ ಇಲ್ಲದವರು ಮತ ಹಾಕದವರ ಲೆಕ್ಕಕ್ಕೂ ಸಿಗುವುದಿಲ್ಲ. ನಿಮ್ಮ ಕೆಲಸ ಶುರುವಾಗಬೇಕಾದದ್ದು ಅಂಥವರಿಂದ.

ಒಂದು ಮತಗಟ್ಟೆಯನ್ನು ಆರಿಸಿಕೊಳ್ಳಿ. ಚುನಾವಣಾ ಆಯೋಗ 2025ರಲ್ಲಿ ನಿಗದಿಪಡಿಸಿದಂತೆ ಒಂದು ಮತಗಟ್ಟೆಗೆ 1,200ಕ್ಕಿಂತ ಹೆಚ್ಚು ಮತದಾರರು ಇರಬಾರದು. ಎಂದರೆ ಸುಮಾರು ಮುನ್ನೂರು ಮನೆಗಳು. ಇಬ್ಬರು ಮೂವರು ಮನಸ್ಸಿಟ್ಟರೆ ಅಷ್ಟು ಮನೆಗಳನ್ನು ಹೆಸರು ಹಿಡಿದು ಗುರುತಿಸುವಷ್ಟು ಬಲ್ಲವರಾಗಬಹುದು. ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ಆ ಭಾಗದ ಪಟ್ಟಿಯನ್ನು ಇಳಿಸಿಕೊಂಡು ಮುದ್ರಿಸಿ, ಕೂಲಿಗೆ, ಗಾರ್ಮೆಂಟ್ಸಿಗೆ, ಮಂಡಿಗೆ ಹೋದವರು ಮನೆಗೆ ಮರಳುವ ಹೊತ್ತಿಗೆ ಕೇರಿಯ ಸಮುದಾಯ ಭವನದ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು ಎಂದು ಒಬ್ಬರು ಓದುತ್ತಾ ಹೋದಂತೆ ಕುಳಿತವರು ‘ಇದ್ದಾಳೆ’, ‘ತೀರಿಕೊಂಡರು’, ‘ಹೊಸಕೋಟೆಗೆ ಕೊಟ್ಟಿದ್ದೀವಿ’, ‘ನರಸಾಪುರದಲ್ಲಿ ರೂಮು ಮಾಡಿಕೊಂಡವ್ನೆ’ ಎಂದು ಹೇಳುತ್ತಾರೆ. ಇನ್ನೊಬ್ಬರು ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ಓದಿ ಮುಗಿದ ಮೇಲೆ, ‘ಇಲ್ಲಿ ಕುಳಿತಿರುವವರಲ್ಲಿ ಯಾರ ಹೆಸರು ಬರಲಿಲ್ಲ?’ ಎಂದು ಕೇಳಿ. ಮದುವೆಯಾಗಿ ಬಂದು ವರ್ಷಗಳಾದರೂ ತವರಿನ ಪಟ್ಟಿಯಲ್ಲೇ ಉಳಿದ ಸೊಸೆಯಂದಿರು, ಹದಿನೆಂಟು ತುಂಬಿದರೂ ಅರ್ಜಿ ಹಾಕದ ಹುಡುಗರು, ಒಂದೇ ಮನೆಯವರಾಗಿದ್ದು ಎರಡು ಭಾಗಗಳಿಗೆ ಹಂಚಿಹೋದವರು, ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಆಗಿರುವವರು, ಇವರೆಲ್ಲ ಆ ಒಂದು ಪ್ರಶ್ನೆಗೆ ಎದ್ದು ನಿಲ್ಲುತ್ತಾರೆ. ಯಾವ ಸಮಾವೇಶದಲ್ಲೂ ನಿಮಗೆ ಇವರು ಸಿಗುವುದಿಲ್ಲ.

ಮುಂದಿನದು ಅರ್ಜಿಯ ಕೆಲಸ. ಹೊಸದಾಗಿ ಸೇರಲು ಫಾರಂ 6, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಸರು ವರ್ಗಾಯಿಸಲು ಅಥವಾ ತಿದ್ದಿಸಲು ಫಾರಂ 8. ಮೊದಲು ವರ್ಷಕ್ಕೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಕೂಡ ಸೇರಿವೆ, ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಹೀಗಾಗಿ ಪಿಯು ಕಾಲೇಜಿನ ಬಾಗಿಲಲ್ಲಿ ನಿಲ್ಲುವ ಕೆಲಸವನ್ನು ಚುನಾವಣೆಯ ವರ್ಷಕ್ಕೆಂದು ಕಾಯಿಸಬೇಕಾಗಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ ಎಂಬುದನ್ನು ಮಾತ್ರ ಎಲ್ಲರಿಗೂ ಮನದಟ್ಟು ಮಾಡಿಸಿ. ಪ್ರಚಾರದ ಸದ್ದು ಕೇಳಿದ ಮೇಲೆ ಎಚ್ಚೆತ್ತು ಓಡಿ ಬಂದವರು ವಾಪಸು ಹೋಗುವುದು ಈ ಕಾರಣಕ್ಕೆ.

ದುಡಿಯಲು ಊರು ಬಿಟ್ಟವರ ವಿಷಯದಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ‘ಅವನು ಬೆಂಗಳೂರಿನಲ್ಲಿದ್ದಾನೆ, ತೆಗೆದುಹಾಕಿ’ ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ಹೆಸರು ಹೋಗುವಂತಿಲ್ಲ. ತಾತ್ಕಾಲಿಕವಾಗಿ ಊರಲ್ಲಿ ಇಲ್ಲದಿರುವ ಕಾರಣಕ್ಕೇ ಒಬ್ಬ ವ್ಯಕ್ತಿ ಅಲ್ಲಿನ ಸಾಮಾನ್ಯ ನಿವಾಸಿ ಅಲ್ಲವೆಂದು ಆಗುವುದಿಲ್ಲ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಅದೇ ರೀತಿ, ಊರಾಚೆಯ ಗುಡಾರಗಳಲ್ಲಿರುವ ಅಲೆಮಾರಿ ಕುಟುಂಬಗಳಿಗೆ ಮನೆ ನಂಬರು ಇಲ್ಲವೆಂಬುದು ಅರ್ಜಿ ತಿರಸ್ಕರಿಸಲು ಕಾರಣವಾಗಬಾರದು. ಅವರು ರಾತ್ರಿ ಮಲಗುವ ಜಾಗಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿಯೇ (ಬಿಎಲ್‌ಒ) ಹೋಗಿ ಖಚಿತಪಡಿಸಿಕೊಳ್ಳಲು ಅವಕಾಶವಿದೆ. ಬಿಎಲ್‌ಒಗಳನ್ನು ಎದುರಾಳಿಗಳೆಂದು ಕಾಣಬೇಡಿ. ಬಹುತೇಕರು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಕರು. ಮೂಲ ಕೆಲಸದ ಜೊತೆಗೆ ಇದನ್ನೂ ಹೊತ್ತವರು. ನೀವು ಗುರುತು ಹಾಕಿಕೊಂಡ ಪಟ್ಟಿಯೊಂದಿಗೆ ಹೋದರೆ ಅವರಿಗೂ ಹೊರೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ರೇಷ್ಮೆ ಬಿಚ್ಚುವ ಕೆಲಸಕ್ಕೆ ಹೋಗುವ ಹೆಂಗಸರ ಹೆಸರುಗಳು ಪಟ್ಟಿಯಿಂದ ಹೋಗುವ ಭಯವಿದೆ. ಬೇರೆ ರಾಜ್ಯಗಳ ಸುದ್ದಿ ಕೇಳಿ ಹೆದರಿದ್ದೇವೆ. ಯಾರೋ ದೂರು ಕೊಟ್ಟರೆ ಹೆಸರು ಹೋಗಿಬಿಡುತ್ತದೆಯೇ?
(ಓದುಗರು, ಶಿಡ್ಲಘಟ್ಟ)

ಉತ್ತರ: ಹೋಗಬಾರದು, ಆದರೆ ನೋಡುವವರು ಇಲ್ಲದ ಕಡೆ ಹೋಗುವ ಸಾಧ್ಯತೆ ಇದ್ದೇ ಇದೆ. ಹೆಸರು ತೆಗೆಸಲು ಕೊಡುವ ಅರ್ಜಿ ಫಾರಂ 7. ಅದನ್ನು ಕೊಟ್ಟವರು ಯಾರು, ಯಾರ ವಿರುದ್ಧ ಕೊಟ್ಟಿದ್ದಾರೆ ಎಂಬ ವಿವರಗಳನ್ನು ಮತದಾರರ ನೋಂದಣಾಧಿಕಾರಿ ಪ್ರಕಟಿಸಬೇಕು, ಆಕ್ಷೇಪಣೆಗೆ ಗುರಿಯಾದವರಿಗೆ ನೋಟಿಸು ಕೊಟ್ಟು ಅವರ ಮಾತನ್ನು ಕೇಳಬೇಕು. ನೋಟಿಸಿಲ್ಲದೆ ಹೆಸರು ತೆಗೆದಿದ್ದರೆ, ಅಥವಾ ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ, ಹದಿನೈದು ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ ಮೂವತ್ತು ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಸುಳ್ಳು ಘೋಷಣೆ ಮಾಡಿ ಅರ್ಜಿ ಕೊಟ್ಟವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ಕಾಯ್ದೆಯಲ್ಲೇ ಅವಕಾಶವಿದೆ.

ನಿಮ್ಮ ಭಯ ಆಧಾರವಿಲ್ಲದ್ದಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಸಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಾಗಿದ್ದವು 24 ಮಾತ್ರ. ಬೇರೆಯವರ ಹೆಸರಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ ಅರ್ಜಿಗಳನ್ನು ತುಂಬಲಾಗಿತ್ತು. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರಿನ ವಿರುದ್ಧವೇ ಅರ್ಜಿ ಬಂದಿರುವುದನ್ನು ಗಮನಿಸಿದ್ದರಿಂದ ವಿಷಯ ಬಯಲಿಗೆ ಬಂತು. ಸ್ಥಳೀಯರ ಕಣ್ಣು ಎಷ್ಟು ದೊಡ್ಡ ರಕ್ಷಣೆ ಎಂಬುದು ಇದರಿಂದ ತಿಳಿಯುತ್ತದೆ. ಬಿಹಾರದಲ್ಲಿ 2025ರಲ್ಲಿ ಮತದಾರರ ಪಟ್ಟಿಯನ್ನು ಹೊಸದಾಗಿ ತಯಾರಿಸಲು ನಡೆದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ, ಆ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಅಂಥ ಸಂದರ್ಭದಲ್ಲಿ ಉಪಯೋಗಕ್ಕೆ ಬರುವುದು ಹಳೆಯ ಕಾಗದಗಳು. ಹಳೆಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಅಥವಾ ತಂದೆತಾಯಿಯ ಹೆಸರಿರುವ ಪುಟ, ಶಾಲೆಯ ದಾಖಲೆ, ಜಾತಿ ಪ್ರಮಾಣಪತ್ರ ಇವುಗಳ ನಕಲನ್ನು ಪ್ರತಿ ಮನೆಯೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುವಂತೆ ನೋಡಿಕೊಳ್ಳಿ. ಬಿಸಿನೀರಿನ ಬಾಣಲೆಯ ಮುಂದೆ ದಿನವಿಡೀ ಕೈ ಬೇಯಿಸಿಕೊಂಡು ಗೂಡಿನಿಂದ ಎಳೆ ತೆಗೆಯುವ ಹೆಂಗಸರಿಗೆ ತಾಲ್ಲೂಕು ಕಚೇರಿಗೆ ಅಲೆಯಲು ಬಿಡುವು ಎಲ್ಲಿರುತ್ತದೆ? ಅವರ ಪರವಾಗಿ ವಾರಕ್ಕೊಮ್ಮೆ ಆಕ್ಷೇಪಣೆಗಳ ಪಟ್ಟಿ ನೋಡಿ ಬರುವ ಹೊಣೆಯನ್ನು ಸಂಘಟನೆಯ ಒಬ್ಬರು ಹೊರಬೇಕು.

ಪ್ರಶ್ನೆ: ಚುನಾವಣೆ ಬಂತೆಂದರೆ ಕುಕ್ಕರ್, ಸೀರೆ, ನೋಟು, ಬಾಡೂಟ. ಎರಡೂ ಕಡೆಯವರಿಂದ ತೆಗೆದುಕೊಳ್ಳುತ್ತಾರೆ, ಆಮೇಲೆ ದೇವರ ಫೋಟೊ ಮುಟ್ಟಿ ಆಣೆ ಮಾಡಿದ್ದೇವೆಂದು ಹೆದರುತ್ತಾರೆ. ‘ಮತ ಮಾರಿಕೊಳ್ಳಬೇಡಿ’ ಎಂದು ಹೇಳಿದರೆ ನಮ್ಮ ಮೇಲೆಯೇ ಸಿಟ್ಟಾಗುತ್ತಾರೆ. ಏನು ಹೇಳಬೇಕು?
(ಕೂಲಿಕಾರ ಸಂಘಟನೆಯ ಕಾರ್ಯಕರ್ತ, ಬಂಗಾರಪೇಟೆ ತಾಲ್ಲೂಕು)

ಉತ್ತರ: ಅವರ ಸಿಟ್ಟು ನ್ಯಾಯವಾದದ್ದು. ಕೋಟಿಗಟ್ಟಲೆ ಸುರಿಯುವವನನ್ನು ವೇದಿಕೆಯ ಮೇಲೆ ಕೂರಿಸಿ, ಐನೂರು ರೂಪಾಯಿ ಪಡೆದವಳಿಗೆ ನೀತಿ ಹೇಳಲು ಹೋದರೆ ಯಾರು ತಾನೇ ಸಹಿಸುತ್ತಾರೆ? ವಿಧಾನಸಭೆಯ ಅಭ್ಯರ್ಥಿಯೊಬ್ಬರು ಕಾನೂನು ಪ್ರಕಾರ ಖರ್ಚು ಮಾಡಬಹುದಾದ ಮಿತಿ 40 ಲಕ್ಷ ರೂಪಾಯಿ. ನಿಮ್ಮ ಹೋಬಳಿಯಲ್ಲಿ ಹಂಚಿದ್ದರ ಲೆಕ್ಕವೊಂದನ್ನೇ ಹಾಕಿ ನೋಡಿ, ಆ ಮಿತಿಗೆ ಯಾವ ಬೆಲೆ ಉಳಿದಿದೆ ಎಂಬುದು ತಿಳಿಯುತ್ತದೆ. ಕೊಡುವುದೂ ತೆಗೆದುಕೊಳ್ಳುವುದೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧವೇ ಎಂಬುದನ್ನು ಜನರಿಗೆ ತಿಳಿಸಲೇಬೇಕು, ಹಂಚುವವರ ಚಿತ್ರ ತೆಗೆದು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಡುವುದನ್ನೂ ಕಲಿಸಬೇಕು. ಆದರೆ ಮನೆಬಾಗಿಲಲ್ಲಿ ಮಾತು ಅಲ್ಲಿಂದ ಶುರುವಾಗಬಾರದು.

ಶುರುವಾಗಬೇಕಾದದ್ದು ಭಯದಿಂದ. ‘ನಾನು ಯಾರಿಗೆ ಹಾಕಿದೆ ಎಂದು ಅವರಿಗೆ ಗೊತ್ತಾಗುತ್ತದೆ’ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ, ಅದಕ್ಕೆ ಎರಡು ಪದರಗಳಿವೆ. ಒಬ್ಬೊಬ್ಬರ ಮತ ಯಾರಿಗೂ ಗೊತ್ತಾಗುವುದಿಲ್ಲ; ಮತಯಂತ್ರದ ಪಕ್ಕದ ವಿವಿಪ್ಯಾಟ್ ಮುದ್ರಿಸುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಮತದಾರರಿಗೆ ಮಾತ್ರ ಕಂಡು ಪೆಟ್ಟಿಗೆಯೊಳಗೆ ಬೀಳುತ್ತದೆ. ಇದನ್ನು ಸಾಧ್ಯವಾದರೆ ಚಿತ್ರ ಬರೆದು ತೋರಿಸಿ. ಆಣೆಯ ವಿಷಯದಲ್ಲಿ ಊರಿನ ಹಿರಿಯ ಹೆಂಗಸರಿಂದಲೇ ಮಾತನಾಡಿಸಿ. ಬೆದರಿಸಿ ಪಡೆದ ಆಣೆಗೆ ದೇವರು ಲೆಕ್ಕ ಕೇಳುವುದಿಲ್ಲ ಎಂದು ಅವರು ಹೇಳಿದರೆ ನಾಟುವಷ್ಟು ನಾವು ನೀವು ಹೇಳಿದರೆ ನಾಟುವುದಿಲ್ಲ.

ಎರಡನೆಯ ಪದರವನ್ನು ನಮ್ಮ ಸಂಘಟಕರು ಬಹಳ ಸಲ ಕಡೆಗಣಿಸುತ್ತಾರೆ. ಒಬ್ಬರ ಮತ ಗುಟ್ಟಾಗಿ ಉಳಿದರೂ ಒಂದು ಮತಗಟ್ಟೆಯ ಮತ ಗುಟ್ಟಾಗಿ ಉಳಿಯುವುದಿಲ್ಲ. ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ಅಂಕಿಅಂಶಗಳು ಪ್ರಕಟವಾಗುತ್ತವೆ. ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸುವ ಯಂತ್ರದ ಪ್ರಸ್ತಾವವನ್ನು ಚುನಾವಣಾ ಆಯೋಗ 2008ರಲ್ಲೇ ಮುಂದಿಟ್ಟಿದ್ದರೂ ಅದು ಜಾರಿಗೆ ಬರಲಿಲ್ಲ. ಹೀಗಾಗಿ ಕೇರಿ ಯಾವ ಕಡೆ ಹೋಯಿತು ಎಂಬುದು ಫಲಿತಾಂಶದ ಮರುದಿನವೇ ಊರಿನ ಬಲಿಷ್ಠರಿಗೆ ಗೊತ್ತಿರುತ್ತದೆ. ಬೋರ್‌ವೆಲ್ ಕೆಟ್ಟರೆ ರಿಪೇರಿಯಾಗದಿರುವುದು, ಉದ್ಯೋಗ ಖಾತರಿ ಕೆಲಸದ ಪಟ್ಟಿಯಿಂದ ಹೆಸರು ಜಾರುವುದು, ಹೊಲಕ್ಕೆ ಹೋಗುವ ದಾರಿ ಮುಚ್ಚುವುದು ಆಮೇಲೆ ಶುರುವಾಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟ ಪ್ರಕರಣದಲ್ಲಿ ಸಾಕ್ಷಿಗಳು ಪ್ರತಿಕೂಲವಾಗಿ, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಆ ನೆನಪು ಈ ಭಾಗದ ಕೇರಿಗಳಲ್ಲಿ ಇನ್ನೂ ಮಾಸಿಲ್ಲ. ಇಂಥ ನೆಲದಲ್ಲಿ ‘ಧೈರ್ಯವಾಗಿ ಮತ ಹಾಕಿ’ ಎಂದು ಹೇಳಿ ಸಂಜೆಯ ಬಸ್ಸು ಹಿಡಿಯುವವರನ್ನು ಜನ ನಂಬಬೇಕಾಗಿಲ್ಲ. ಚುನಾವಣೆಯ ಮರುದಿನ, ಮರುವಾರ, ಮರುವರ್ಷ ಅಲ್ಲಿ ನಿಮ್ಮ ಸಂಘಟನೆ ಇರುತ್ತದೆಯೇ, ಬೋರ್‌ವೆಲ್ ಕೆಟ್ಟಾಗ ತಾಲ್ಲೂಕು ಪಂಚಾಯಿತಿಯ ಮುಂದೆ ಕೂರಲು ನಾಲ್ಕು ಜನ ಬರುತ್ತಾರೆಯೇ ಎಂಬುದನ್ನು ನೋಡಿಯೇ ಅವರು ನೋಟಿನ ಋಣದಿಂದ ಹೊರಬರುವ ಧೈರ್ಯ ಮಾಡುತ್ತಾರೆ.

ಪ್ರಶ್ನೆ: ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕಾರ್ಮಿಕನಾಗಿದ್ದೇನೆ. ಮತ ಇರುವುದು ಮುಳಬಾಗಿಲು ತಾಲ್ಲೂಕಿನ ಊರಿನಲ್ಲಿ. ರಜೆ ಕೊಡದಿದ್ದರೆ ಏನು ಮಾಡಬೇಕು? ನಮ್ಮವರೆಲ್ಲ ಸೇರಿ ಒಂದು ಬಸ್ಸು ಮಾಡಿಸಬಹುದೇ?
(ಕಾರ್ಮಿಕ, ಕೋಲಾರ ತಾಲ್ಲೂಕು)

ಉತ್ತರ: 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಪ್ರತಿಯೊಬ್ಬ ಮತದಾರ ನೌಕರನಿಗೂ ಸಂಬಳ ಸಹಿತ ರಜೆ ಕೊಡಲೇಬೇಕು, ದಿನಗೂಲಿಯವರಿಗೂ ಹಂಗಾಮಿ ಕಾರ್ಮಿಕರಿಗೂ ಇದು ಅನ್ವಯಿಸುತ್ತದೆ. ಉಲ್ಲಂಘಿಸಿದ ಮಾಲೀಕರಿಗೆ ದಂಡ ಐನೂರು ರೂಪಾಯಿವರೆಗೆ ಮಾತ್ರ ಎಂಬುದು ಬೇಸರದ ಸಂಗತಿ. ಅದಕ್ಕಾಗಿ ದಂಡದ ಭಯಕ್ಕಿಂತ ಮೊದಲೇ ಬರೆದು ಕೊಟ್ಟ ಮನವಿ ಹೆಚ್ಚು ಕೆಲಸ ಮಾಡುತ್ತದೆ. ದಿನಾಂಕ ಘೋಷಣೆಯಾದ ವಾರದಲ್ಲೇ ಗುತ್ತಿಗೆದಾರನಿಗೂ ಕಂಪನಿಗೂ ಕಾರ್ಮಿಕ ಇಲಾಖೆಗೂ ಜಿಲ್ಲಾ ಚುನಾವಣಾಧಿಕಾರಿಗೂ ಒಂದೇ ಪತ್ರ ಕಳಿಸಿ, ಸ್ವೀಕೃತಿ ಪಡೆಯಿರಿ. ಹಿಂದಿನ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಊರು ತಲುಪಲು ಹೊತ್ತು ಸಾಲುತ್ತದೆಯೇ ಎಂಬುದನ್ನೂ ಅದರಲ್ಲಿ ಸೇರಿಸಿ.

ಬಸ್ಸಿನ ವಿಷಯದಲ್ಲಿ ಎಚ್ಚರ. ಅಭ್ಯರ್ಥಿಯಾಗಲಿ ಅವರ ಏಜೆಂಟರಾಗಲಿ ಮತದಾರರನ್ನು ಬಿಟ್ಟಿಯಾಗಿ ಸಾಗಿಸಲು ವಾಹನ ಬಾಡಿಗೆಗೆ ಪಡೆಯುವುದು ಭ್ರಷ್ಟ ಆಚರಣೆ. ಮತದಾರರು ತಾವೇ ಹಣ ಹಾಕಿಕೊಂಡು ಪ್ರಯಾಣಿಸಲು ಅಡ್ಡಿಯಿಲ್ಲ. ಹಾಗಾಗಿ ಪಕ್ಷದವರು ಕಳಿಸುವ ಗಾಡಿ ಬೇಡವೆನ್ನಿ. ನಿಮ್ಮವರೇ ದುಡ್ಡು ಕೂಡಿಸಿ, ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟುಕೊಂಡು ಗಾಡಿ ಮಾಡಿಕೊಳ್ಳಿ. ಇನ್ನೊಂದು ಮಾತು. 2013, 2018, 2023ರ ಮೂರೂ ಚುನಾವಣೆಗಳು ಮೇ ತಿಂಗಳಲ್ಲಿ ನಡೆದವು. ಅದು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳು ಏಳುವ ಕಾಲ. ಕಾಯಿ ಕೀಳಲು, ಲೋಡು ಮಾಡಲು ಹೋಗುವವರ ದಿನಚರಿ ನೋಡಿಕೊಳ್ಳದೆ ಯೋಜನೆ ಮಾಡಿದರೆ ಆ ಊರುಗಳಲ್ಲಿ ಅದು ನಡೆಯುವುದಿಲ್ಲ.

ಪ್ರಶ್ನೆ: ಎಲ್ಲ ಪಕ್ಷಗಳಲ್ಲೂ ರಿಯಲ್ ಎಸ್ಟೇಟಿನವರೇ ತುಂಬಿದ್ದಾರೆ. ಇಂಥವರಿಗೆ ಮತ ಹಾಕಿ ಎಂದು ಜನಸಂಘಟನೆಗಳು ಹೇಳುವುದು ಸರಿಯೇ? ನಮ್ಮದೇ ಅಭ್ಯರ್ಥಿ ನಿಲ್ಲಿಸಿದರೆ ಮತ ಒಡೆಯುತ್ತದೆ ಎನ್ನುತ್ತಾರೆ. ಏನೂ ಹೇಳದೆ ‘ನೋಟಾ’ (ಮೇಲಿನ ಯಾರೂ ಅಲ್ಲ) ಒತ್ತುವುದೇ ಮೇಲಲ್ಲವೇ?
(ನಿವೃತ್ತ ಶಿಕ್ಷಕ, ಮಾಲೂರು)

ಉತ್ತರ: ನಿಮ್ಮ ಮಾಲೂರಿನಲ್ಲಿಯೇ 2023ರಲ್ಲಿ ಘೋಷಣೆಯಾದ ಗೆಲುವಿನ ಅಂತರ 248 ಮತ, ಆ ಎಣಿಕೆಯ ವಿವಾದ ಆಮೇಲೆ ನ್ಯಾಯಾಲಯಕ್ಕೂ ಹೋಯಿತು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಒಂದೇ ಒಂದು ಮತದಿಂದ ಫಲಿತಾಂಶ ನಿರ್ಧಾರವಾಗಿತ್ತು. ನೋಟಾ 2013ರಿಂದ ಯಂತ್ರದ ಮೇಲಿದೆ, ಆದರೆ ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಶಾಸಕರಾಗುತ್ತಾರೆ. ಇದನ್ನೆಲ್ಲ ತೂಗಿ ನೋಡಿದ ಮೇಲೆ, ಸಂವಿಧಾನವನ್ನೇ ದುರ್ಬಲಗೊಳಿಸುವ ಮತ್ತು ಸಮುದಾಯಗಳನ್ನು ಎತ್ತಿಕಟ್ಟುವ ರಾಜಕಾರಣವನ್ನು ಸೋಲಿಸುವುದು ಮುಖ್ಯ ಎಂದು ನಂಬುವ ಸಂಘಟನೆ, ಗೆಲ್ಲಬಲ್ಲ ಎದುರಾಳಿಗೆ ಮತ ಹಾಕಿ ಎಂದು ಬಾಯಿಬಿಟ್ಟು ಹೇಳುವುದರಲ್ಲಿ ನಾಚಿಕೆ ಪಡಬೇಕಾದದ್ದು ಏನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ‘ಎದ್ದೇಳು ಕರ್ನಾಟಕ’ ಹೆಸರಿನಲ್ಲಿ ಒಟ್ಟುಗೂಡಿದ ಜನಸಂಘಟನೆಗಳು ಇಂಥದೇ ನಿಲುವು ತೆಗೆದುಕೊಂಡು ಕ್ಷೇತ್ರಗಳಲ್ಲಿ ಕೆಲಸ ಮಾಡಿದವು. ಅದನ್ನು ಒಪ್ಪದವರ ವಾದದಲ್ಲೂ ಹುರುಳಿದೆ: ಗೆದ್ದ ಮೇಲೆ ಪಕ್ಷ ಈ ಸಂಘಟನೆಗಳನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಏನು ಮಾಡುವುದು? ಹಾಗಾಗದಿರಲು, ಮತ ಕೇಳುವುದಕ್ಕೂ ಪಕ್ಷದ ಕಾರ್ಯಕರ್ತರಾಗುವುದಕ್ಕೂ ನಡುವೆ ಗೆರೆ ಇರಬೇಕು. ಪಕ್ಷದ ಗಾಡಿ, ಪಕ್ಷದ ಊಟ, ಪಕ್ಷದ ಹಣ ಯಾವುದೂ ಬೇಡ. ನಿಮ್ಮ ಕರಪತ್ರ ನಿಮ್ಮದೇ ಆಗಿರಲಿ, ನಿಮ್ಮ ಬೇಡಿಕೆಗಳು ಬರಹದಲ್ಲಿರಲಿ, ಅಭ್ಯರ್ಥಿಯ ಸಹಿ ಅದರ ಕೆಳಗಿರಲಿ.

ಬೇಡಿಕೆ ಎಂದರೆ ‘ಅಭಿವೃದ್ಧಿ’ ಎಂಬಂಥ ಪದವಲ್ಲ. ಬೆಂಗಳೂರಿನ ತ್ಯಾಜ್ಯನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಎರಡು ಹಂತಗಳ ಶುದ್ಧೀಕರಣದ ನಂತರ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಆಗಬೇಕೆಂದು ಶಾಶ್ವತ ನೀರಾವರಿಗಾಗಿ ಹೋರಾಡಿದವರು ಕೇಳುತ್ತಲೇ ಇದ್ದಾರೆ. ‘ಅದಕ್ಕೆ ಒತ್ತಾಯಿಸುತ್ತೀರಾ, ಇಲ್ಲವೇ? ನಮ್ಮ ಊರಿನ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆಯ ವರದಿಯನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸುತ್ತೀರಾ, ಇಲ್ಲವೇ?’ ಎಂಬಂಥ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದೇ ಉತ್ತರ ಬರಬೇಕು. ಗೆದ್ದ ಸರ್ಕಾರದ ಎದುರೂ ಹೋರಾಟ ನಿಲ್ಲಬಾರದು ಎಂಬುದಕ್ಕೆ ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ನೋಡಿ. 1,777 ಎಕರೆ ಭೂಸ್ವಾಧೀನದ ವಿರುದ್ಧ ಅವರು ಹಿಂದಿನ ಸರ್ಕಾರದ ಕಾಲದಲ್ಲಿ ಧರಣಿ ಕೂತವರು. ಸರ್ಕಾರ ಬದಲಾದ ಮೇಲೂ ಏಳಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತು 2025ರ ಜುಲೈನಲ್ಲಿ ಆ ಸ್ವಾಧೀನವನ್ನು ಕೈಬಿಡಿಸಿದರು.

ಸ್ವಂತ ಅಭ್ಯರ್ಥಿಯ ಪ್ರಶ್ನೆಗೆ ಬಾಗೇಪಲ್ಲಿ ಒಂದು ಉತ್ತರ ಕೊಡುತ್ತದೆ. ಅಲ್ಲಿಂದ ಸಿಪಿಐ(ಎಂ)ನ ಜಿ.ವಿ. ಶ್ರೀರಾಮರೆಡ್ಡಿ 1994 ಮತ್ತು 2004ರಲ್ಲಿ ಗೆದ್ದು ಬಂದರು. ಹಣಬಲವೇ ಎಲ್ಲವೂ ಎನ್ನುವ ನೆಲದಲ್ಲಿ ಅದು ಸಾಧ್ಯವಾದದ್ದು, ಚುನಾವಣೆ ಇಲ್ಲದ ವರ್ಷಗಳಲ್ಲೂ ಕೂಲಿಕಾರರ, ಸಣ್ಣ ರೈತರ ಮಧ್ಯೆ ಸಂಘಟನೆ ಬೇರುಬಿಟ್ಟಿದ್ದರಿಂದ. ಅಂಥ ಬೇರಿಲ್ಲದ ಕಡೆ ನಾಮಪತ್ರ ಸಲ್ಲಿಸಿದರೆ ಠೇವಣಿಯ ಜೊತೆಗೆ ನಿಮ್ಮ ಮಾತಿನ ತೂಕವೂ ಹೋಗುತ್ತದೆ. ನಾಯಕತ್ವ ಬೆಳೆಯಬೇಕಾದ ಜಾಗವೇ ಪಂಚಾಯಿತಿ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ಆ ದಾರಿಯನ್ನೂ ಮುಚ್ಚಿದ್ದು ದೊಡ್ಡ ಅನ್ಯಾಯ. ವಿಧಾನಸಭೆಯ ಬಗ್ಗೆ ಯೋಚಿಸುವ ಸಂಘಟನೆಗಳು ಈ ಅನ್ಯಾಯದ ಬಗ್ಗೆಯೂ ಗಟ್ಟಿಯಾಗಿ ಮಾತನಾಡಬೇಕು.

ಕಾನೂನಿನ ನಾಲ್ಕು ಮಾತುಗಳನ್ನು ಮರೆಯಬೇಡಿ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಗೆಲುವಿಗೆಂದು ಬೇರೆಯವರು ಸಭೆ, ಜಾಹೀರಾತುಗಳಿಗೆ ಖರ್ಚು ಮಾಡುವುದು ಅಪರಾಧ. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಯಾಚಿಸುವಂತಿಲ್ಲ, ಅದು ಅಭ್ಯರ್ಥಿಯ ಜಾತಿಯಾದರೂ ಸರಿ, ಮತದಾರರ ಜಾತಿಯಾದರೂ ಸರಿ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಬಹುಮತದಿಂದ ತೀರ್ಪು ಕೊಟ್ಟಿದೆ. ಮತದಾನ ಮುಗಿಯುವ 48 ಗಂಟೆ ಮುಂಚಿನಿಂದ ಬಹಿರಂಗ ಸಭೆ, ಮೆರವಣಿಗೆ ನಿಷಿದ್ಧ.

ಪ್ರಶ್ನೆ: ನಮ್ಮಲ್ಲಿ ತಮಿಳು ಮಾತನಾಡುವವರೇ ಹೆಚ್ಚು. ಕೆಲಸಕ್ಕೆ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಸಭೆ ಕರೆದರೆ ಯಾರೂ ಸಿಗುವುದಿಲ್ಲ.
(ಓದುಗರು, ಕೆಜಿಎಫ್)

ಉತ್ತರ: ಸಭೆಯನ್ನು ರೈಲಿನಲ್ಲಿಯೇ ಮಾಡಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳೇ ನಿಮ್ಮ ಊರಿನ ಚಾವಡಿಯಾಗಿವೆ; ಒಂದೇ ಬೋಗಿಯಲ್ಲಿ ದಿನವೂ ಕೂರುವವರು ಒಬ್ಬರನ್ನೊಬ್ಬರು ಬಲ್ಲವರೇ. ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಕೆಜಿಎಫ್‌ನಲ್ಲಿ ತಮಿಳು, ಬಾಗೇಪಲ್ಲಿ ಮತ್ತು ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ತೆಲುಗು, ಶಿಡ್ಲಘಟ್ಟದ ಬೀದಿಗಳಲ್ಲಿ ಉರ್ದು, ಯಾರ ಮನೆಯಲ್ಲಿ ಯಾವ ಮಾತೋ ಅದರಲ್ಲೇ ವಿವರಿಸಿ, ಅರ್ಜಿಯನ್ನು ಕನ್ನಡದಲ್ಲಿ ತುಂಬಿಕೊಡಿ.

ಪ್ರಶ್ನೆ: ನಮ್ಮ ಸಂಘಟನೆಯ ಮನೆಮನೆ ಸಮೀಕ್ಷೆಗೆ ಹೆಣ್ಣುಮಕ್ಕಳನ್ನು ಕಳಿಸುತ್ತಾರೆ, ತೀರ್ಮಾನ ಮಾಡುವಾಗ ಕರೆಯುವುದಿಲ್ಲ. ಈಗ ಎಲ್ಲರ ಫೋನ್ ನಂಬರು, ಜಾತಿ, ಯಾರಿಗೆ ಮತ ಹಾಕುತ್ತಾರೆ ಎಂಬುದನ್ನು ಮೊಬೈಲಿನಲ್ಲಿ ತುಂಬಿ ಎಂದು ಹೇಳಿದ್ದಾರೆ. ಇದು ಸರಿಯೇ?
(ಪದವಿ ವಿದ್ಯಾರ್ಥಿನಿ, ಗೌರಿಬಿದನೂರು)

ಉತ್ತರ: ಎರಡೂ ತಪ್ಪು, ಎರಡಕ್ಕೂ ಸಂಬಂಧವಿದೆ. ಮನೆಯೊಳಗೆ ಅಡುಗೆಕೋಣೆಯವರೆಗೆ ಹೋಗಿ, ಗಂಡಸರ ಎದುರು ಹೇಳದ ಮಾತನ್ನು ಕೇಳಿಸಿಕೊಂಡು ಬರುವವರು ನೀವು. ಆ ಮಾತಿಗೆ ಹೊಣೆಯೂ ನಿಮ್ಮದೇ ಆಗಿರುವಾಗ, ಅದನ್ನು ಏನು ಮಾಡಬೇಕೆಂಬ ತೀರ್ಮಾನ ಬೇರೆಯವರದಾಗಬಾರದು. ಪ್ರತಿ ಮತಗಟ್ಟೆಯ ತಂಡದ ಇಬ್ಬರು ಸಂಚಾಲಕರಲ್ಲಿ ಒಬ್ಬರು ಮಹಿಳೆಯೇ ಆಗಿರಬೇಕೆಂದು ಪಟ್ಟು ಹಿಡಿಯಿರಿ. ಒಪ್ಪದಿದ್ದರೆ ಸಮೀಕ್ಷೆಗೆ ಹೋಗುವುದಿಲ್ಲ ಎನ್ನಿ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ಮಾತ್ರ ಪ್ರಚಾರದ ಕೆಲಸಕ್ಕೆ ಎಳೆಯಬೇಡಿ. ಅದರಿಂದ ಅವರ ಕೆಲಸಕ್ಕೇ ಕುತ್ತು ಬರುತ್ತದೆ.

ಮಾಹಿತಿಯ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಯಲಾದ ಪ್ರಕರಣದಲ್ಲಿ, ಮತದಾರರ ಜಾಗೃತಿಯ ಹೆಸರಿನಲ್ಲಿ ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒಗಳಂತೆ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯ ವಿವರ ಸಂಗ್ರಹಿಸಿದ ಆರೋಪ ಬಂದು, ಅಧಿಕಾರಿಗಳೂ ಅಮಾನತಾದರು. ಅಂಥದೇ ಕೆಲಸವನ್ನು ನಾವು ಒಳ್ಳೆಯ ಉದ್ದೇಶದಿಂದ ಮಾಡುತ್ತೇವೆ ಎಂದುಕೊಂಡರೂ, ಆ ಕಡತ ಒಂದು ದಿನ ಯಾರ ಕೈಗೆ ಬೀಳುತ್ತದೆ ಎಂಬುದನ್ನು ಯಾರೂ ಹೇಳಲಾರರು. ಒಂದು ಮನೆ ಯಾರ ಪರ ಎಂಬ ವಿವರ ಮನೆಯ ನಂಬರಿನ ಜೊತೆ ಸೇರಿದರೆ, ಬೆದರಿಸುವವನಿಗೆ ಅದಕ್ಕಿಂತ ಬೇಕಾದ ಕಾಗದ ಇನ್ನೊಂದಿಲ್ಲ. ಹೆಸರು ಪಟ್ಟಿಯಲ್ಲಿದೆಯೇ, ಯಾವ ಫಾರಂ ಕೊಡಬೇಕು, ಕೊಟ್ಟಾಯಿತೇ, 85 ದಾಟಿದವರು ಅಥವಾ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಲು ಫಾರಂ 12ಡಿ ಬೇಕೆನ್ನುತ್ತಾರೆಯೇ, ಇಷ್ಟನ್ನು ಮಾತ್ರ ಬರೆದುಕೊಳ್ಳಿ. ಜಾತಿ ಬೇಡ, ಮತದ ಒಲವು ಬೇಡ. ಫೋನ್ ನಂಬರನ್ನು ಅವರಾಗಿ ಕೊಟ್ಟರೆ ಮಾತ್ರ ತೆಗೆದುಕೊಂಡು ಬೇರೆ ಪುಸ್ತಕದಲ್ಲಿ ಇಡಿ. ಆ ಪುಸ್ತಕ ಯಾರ ಮನೆಯಲ್ಲಿರಬೇಕು, ಚುನಾವಣೆ ಮುಗಿದ ಮೇಲೆ ಯಾರ ಎದುರು ಅದನ್ನು ಹರಿದು ಹಾಕಬೇಕು ಎಂಬುದನ್ನು ನಿಮ್ಮ ಮುಂದಿನ ಸಭೆಯ ನಡಾವಳಿಯಲ್ಲಿ ಬರೆಸಿ, ಬಂದವರೆಲ್ಲರ ಸಹಿ ಹಾಕಿಸಿ.